ಸುಪ್ರೀಂ ಕೋರ್ಟಿನ ಫ್ರೀ ಇ-ಎಸ್‌ಸಿಆರ್: ರೇಶಿಯೋ ಹುಡುಕೋರಿಗೆ ಎಷ್ಟು ಉಪಯೋಗ? ನನ್ನ ರಿವ್ಯೂ

ಎಲ್‌ಎಲ್‌ಬಿ ಮುಗಿಸಿ ತಾಲ್ಲೂಕು ಕೋರ್ಟಲ್ಲಿ ಪ್ರಾಕ್ಟೀಸ್ ಶುರು ಮಾಡಿರೋ ಹುಡುಗ್ರು ಹುಡುಗೀರು ಯಾವ ಸಾಫ್ಟ್‌ವೇರ್ ತಗೊಳ್ಳೋದು ಸರ್, ಯಾವ ಆ್ಯಪ್‌ಗೆ ದುಡ್ಡು ಕಟ್ಟೋದು ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದುಬಿಡ್ತೀನಿ. ಸದ್ಯಕ್ಕೆ ಎಲ್ಲೂ ದುಡ್ಡು ಕಟ್ಟಬೇಡಿ. ಸುಪ್ರೀಂ ಕೋರ್ಟ್ ತಾನೇ ನಡೆಸೋ ಇ-ಎಸ್‌ಸಿಆರ್ ಅನ್ನೋ ಆನ್‌ಲೈನ್ ಸರ್ವಿಸ್ ಇದೆ, 1950ರಿಂದ ಹಿಡಿದು ಅಧಿಕೃತ ವರದಿಯಲ್ಲಿ, ಅಂದ್ರೆ ಸುಪ್ರೀಂ ಕೋರ್ಟ್ ರಿಪೋರ್ಟ್ಸಲ್ಲಿ ಬಂದಿರೋ ತೀರ್ಪುಗಳು ಅಲ್ಲಿ ಸಿಗತ್ತೆ, ಪೈಸೆ ಖರ್ಚಿಲ್ಲ, ಪಿಡಿಎಫ್ ಇಳಿಸ್ಕೋಬಹುದು. 2023ರ ಜನವರಿ 2ಕ್ಕೆ ಆಗಿನ ಮುಖ್ಯ ನ್ಯಾಯಮೂರ್ತಿ (ಸಿಜೆಐ) ಚಂದ್ರಚೂಡ್ ಅವರು ಇದನ್ನ ಶುರು ಮಾಡಿದಾಗ ಸುಮಾರು 34 ಸಾವಿರ ತೀರ್ಪು ಇತ್ತು, ಆಮೇಲೆ ಬೆಳೀತಾನೇ ಇದೆ. ವಕೀಲರಿಗೆ ಮಾತ್ರ ಅಂತೇನಿಲ್ಲ, ಲಾ ಸ್ಟೂಡೆಂಟ್ಸ್, ಪತ್ರಕರ್ತರು, ಕೇಸ್ ಇರೋ ಸಾಮಾನ್ಯ ಜನ, ಯಾರು ಬೇಕಾದ್ರೂ ನೋಡಬಹುದು.

ಆದ್ರೆ ಫ್ರೀ ಅನ್ನೋ ಒಂದೇ ಕಾರಣಕ್ಕೆ ನಾನು ಇದನ್ನ ಹೊಗಳ್ತಿಲ್ಲ. ತೀರ್ಪು ಹುಡುಕೋ ಯಾವ ಸರ್ವಿಸ್ ಆದ್ರೂ ಸರಿ, ನಾನು ಒಂದೇ ಒಂದು ಪ್ರಶ್ನೆ ಇಟ್ಕೊಂಡು ನೋಡ್ತೀನಿ: ಇದು ನನಗೆ ತೀರ್ಪಿನ ರೇಶಿಯೋ ಹಿಡಿಯೋಕೆ ಸಹಾಯ ಮಾಡತ್ತಾ ಇಲ್ವಾ? ಪೂರ್ತಿ ಹೆಸರು ರೇಶಿಯೋ ಡೆಸಿಡೆಂಡಿ. ಕಾಲೇಜಲ್ಲಿ ಎರಡು ಸಾಲು ಡೆಫಿನಿಷನ್ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ, ಆಮೇಲೆ ಕೋರ್ಟಲ್ಲಿ ನಿಂತು ಸೈಟೇಶನ್, ಅಂದ್ರೆ ಹಳೇ ತೀರ್ಪಿನ ಉಲ್ಲೇಖ, ಹಾಕಿದಾಗ ಜಡ್ಜ್ ಸಾಹೇಬ್ರು "ಇದರ ರೇಶಿಯೋ ಏನು ಹೇಳಿ" ಅಂದ್ರೆ ಬಾಯಿ ಕಟ್ಟಿಹೋಗತ್ತೆ.

ಕಾನೂನು ಓದದೇ ಇರೋರಿಗೂ ಅರ್ಥ ಆಗಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ತೀರ್ಪಲ್ಲಿ ನೂರು ಮಾತು ಇರತ್ತೆ: ನಡೆದದ್ದೇನು, ವಾದಿ ಹೇಳಿದ್ದೇನು, ಪ್ರತಿವಾದಿ ಹೇಳಿದ್ದೇನು, ಹಳೇ ತೀರ್ಪುಗಳು, ಇತಿಹಾಸ, ಕೆಲವೊಮ್ಮೆ ಶ್ಲೋಕಾನೂ ಇರತ್ತೆ. ಈ ನೂರು ಮಾತಲ್ಲಿ ಯಾವ ಕಾನೂನಿನ ತತ್ವ ಇಲ್ಲದಿದ್ರೆ ಆ ಕೇಸಿನ ಫಲಿತಾಂಶ ನಿಲ್ತಾನೇ ಇರ್ಲಿಲ್ವೋ ಅದು ರೇಶಿಯೋ. ದಾರೀಲಿ ಹೋಗ್ತಾ ಹೇಳಿದ ಮಾತು, ಅದನ್ನ ತೆಗೆದುಹಾಕಿದ್ರೂ ಫಲಿತಾಂಶ ಬದಲಾಗಲ್ಲ ಅನ್ನೋ ಮಾತು ಆಬಿಟರ್. ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ದೇಶದ ಎಲ್ಲಾ ಕೋರ್ಟುಗಳನ್ನೂ ಕಟ್ಟಿಹಾಕತ್ತೆ, ಹಾಗೆ ಕಟ್ಟಿಹಾಕೋ ಭಾಗ ಈ ರೇಶಿಯೋನೇ. ಸುಪ್ರೀಂ ಕೋರ್ಟಿನ ಆಬಿಟರ್‌ಗೂ ಕೆಳಗಿನ ಕೋರ್ಟುಗಳು ತುಂಬಾ ಗೌರವ ಕೊಡ್ತವೆ, ಅದು ಬೇರೆ ಮಾತು. 1996ರ ಧನವಂತಿ ದೇವಿ ಕೇಸಲ್ಲಿ ಸುಪ್ರೀಂ ಕೋರ್ಟೇ ಇದನ್ನ ಮೂರು ಭಾಗ ಮಾಡಿ ಹೇಳಿದೆ, ಮುಖ್ಯ ಸಂಗತಿಗಳ ಬಗ್ಗೆ ಕೋರ್ಟ್ ಕಂಡುಕೊಂಡದ್ದು ಒಂದು, ಆ ಸಂಗತಿಗಳಿಗೆ ಹಚ್ಚೋ ಕಾನೂನಿನ ತತ್ವ ಎರಡು, ಇವೆರಡೂ ಸೇರಿ ಹೊರಬಂದ ತೀರ್ಮಾನ ಮೂರು. ಸಂಗತಿ ಬಿಟ್ಟು ತತ್ವ ಒಂದನ್ನೇ ಕಿತ್ತುಕೊಂಡು ಬಂದ್ರೆ ಅದು ರೇಶಿಯೋ ಆಗಲ್ಲ. 1901ರಲ್ಲೇ ಇಂಗ್ಲೆಂಡಿನ ಕ್ವಿನ್ ವರ್ಸಸ್ ಲೆದಮ್ ಕೇಸಲ್ಲಿ ಲಾರ್ಡ್ ಹಾಲ್ಸ್‌ಬರಿ ಅವರು ಒಂದು ಕೇಸು ತಾನು ನಿಜವಾಗಿ ಏನು ತೀರ್ಮಾನಿಸಿದೆಯೋ ಅಷ್ಟಕ್ಕೆ ಮಾತ್ರ ಆಧಾರ, ಅದರಿಂದ ತರ್ಕ ಮಾಡಿ ಎಳೆದುಕೊಂಡದ್ದಕ್ಕೆಲ್ಲ ಅಲ್ಲ ಅಂದಿದ್ರು, ನಮ್ಮ ಸುಪ್ರೀಂ ಕೋರ್ಟೂ ಆ ಮಾತನ್ನ ಎತ್ತಿ ಹಿಡಿದಿದೆ.

ಇದಕ್ಕೂ ಈ ಸರ್ವಿಸ್‌ಗೂ ಏನು ಸಂಬಂಧ ಅಂದ್ರೆ, ಪೂರ್ತಿ ತೀರ್ಪು ಕೈಯಲ್ಲಿ ಇಲ್ದೇ ರೇಶಿಯೋ ಸಿಗಲ್ಲ. ಎರಡು ಸಾಲಿನ ಸಮ್ಮರಿಯಲ್ಲಿ ಸಿಗಲ್ಲ, ವಾಟ್ಸಾಪಲ್ಲಿ ಬರೋ "ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು" ಅನ್ನೋ ಫಾರ್ವರ್ಡಲ್ಲಂತೂ ಸಿಗೋದೇ ಇಲ್ಲ.

ನಮ್ಮ ಕಡೆ ಕೋರ್ಟುಗಳಲ್ಲಿ ದಿನಾ ಓಡಾಡೋ ವಿಷಯಾನೇ ತಗೊಳ್ಳಿ, ವಿಭಾಗ ದಾವೆ, ಅಂದ್ರೆ ಆಸ್ತೀಲಿ ಪಾಲು ಕೇಳೋ ಕೇಸು. "ವಕೀಲ್ರೇ, ನಮ್ಮಪ್ಪ 2001ರಲ್ಲೇ ತೀರಿಕೊಂಡ್ರು, ನನಗೆ ಅಣ್ಣಂದಿರ ಸಮಕ್ಕೆ ಪಾಲು ಬರತ್ತಾ?" ಅಂತ ಹೆಣ್ಣುಮಕ್ಕಳು ಬಂದು ಕೂತ್ಕೋತಾರಲ್ಲ, ಅವರಿಗೆ ಉತ್ತರ ಹೇಳಬೇಕಂದ್ರೆ ಮೂರು ತೀರ್ಪು ಓದಲೇಬೇಕು. ಮೊದಲನೇದು ಪ್ರಕಾಶ್ ವರ್ಸಸ್ ಫೂಲಾವತಿ, 2015ರ ಅಕ್ಟೋಬರ್, ಕರ್ನಾಟಕದಿಂದಲೇ ಹೋದ ಕೇಸು, ಇಬ್ಬರು ಜಡ್ಜ್‌ಗಳ ಬೆಂಚ್. ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಆದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪನೂ ಬದುಕಿರಬೇಕು ಮಗಳೂ ಬದುಕಿರಬೇಕು, ಹಾಗಿದ್ರೆ ಮಾತ್ರ ಮಗಳು ಸಹದಾಯಾದಿ, ಅಂದ್ರೆ ಗಂಡುಮಕ್ಕಳ ಹಾಗೇ ಕುಟುಂಬದ ಆಸ್ತೀಲಿ ಹಕ್ಕಿರೋ ಪಾಲುದಾರಳು, ಅಂತ ಅಲ್ಲಿ ಹೇಳಿದ್ರು. ಎರಡನೇದು ದಾನಮ್ಮ ವರ್ಸಸ್ ಅಮರ್, 2018ರ ಫೆಬ್ರವರಿ 1, ಇದೂ ಕರ್ನಾಟಕದ್ದೇ, ಇದೂ ಇಬ್ಬರು ಜಡ್ಜ್‌ಗಳ ಬೆಂಚೇ. ಇಲ್ಲಿ ಅಪ್ಪ ತೀರಿಕೊಂಡಿದ್ದು 2001ರಲ್ಲಿ, ದಾವೆ ಹಾಕಿದ್ದು 2002ರಲ್ಲಿ, ದಾವೆ ನಡೀತಾ ಇರೋವಾಗ 2005ರ ತಿದ್ದುಪಡಿ ಬಂತು. ಫೂಲಾವತಿ ಲೆಕ್ಕದಲ್ಲಿ ನೋಡಿದ್ರೆ ಹೆಣ್ಣುಮಕ್ಕಳಿಗೆ ಸಹದಾಯಾದಿ ಪಾಲು ಬರಬಾರದಿತ್ತು, ಆದ್ರೆ ಸುಪ್ರೀಂ ಕೋರ್ಟ್ ಇಬ್ಬರು ಹೆಣ್ಣುಮಕ್ಕಳಿಗೂ ತಲಾ ಐದರಲ್ಲೊಂದು ಪಾಲು ಕೊಡ್ತು.

ಈಗ ನೀವೇ ತೀರ್ಪು ತೆಗೆದು ನಿಧಾನಕ್ಕೆ ಓದಿ. ದಾನಮ್ಮ ತೀರ್ಪಲ್ಲಿ ಫೂಲಾವತಿಯನ್ನ ಉಲ್ಲೇಖ ಮಾಡಿದಾರೆ, ತಪ್ಪು ಅಂತ ಎಲ್ಲೂ ಹೇಳಿಲ್ಲ, ಆ ಸಾಲುಗಳನ್ನ ಹಾಗೇ ಎತ್ತಿ ಬರೆದಿದಾರೆ, ಆದ್ರೆ ಕೊನೆಗೆ ಕೊಟ್ಟ ಫಲಿತಾಂಶ ಅದಕ್ಕೆ ಉಲ್ಟಾ. ಇಂಥ ಕಡೆಯೇ ರೇಶಿಯೋ ಅನ್ನೋದು ಕಾಲೇಜಿನ ಡೆಫಿನಿಷನ್ ಆಗಿ ಉಳಿಯಲ್ಲ, ಯಾರದೋ ಮನೆ ಹೆಣ್ಣುಮಗಳ ಜಮೀನಿನ ಪ್ರಶ್ನೆ ಆಗತ್ತೆ. ಎತ್ತಿ ಬರೆದ ಸಾಲನ್ನ ಹಿಡಿದ್ರೆ ಪಾಲಿಲ್ಲ, ಫಲಿತಾಂಶ ನಿಂತಿರೋ ಆಧಾರ ಹಿಡಿದ್ರೆ ಪಾಲಿದೆ. ಎರಡೂ ಕಡೆ ವಕೀಲರು ಒಂದೇ ದಾನಮ್ಮ ತೀರ್ಪನ್ನ ತಮ್ಮ ತಮ್ಮ ಪರವಾಗಿ ಓದೋಕೆ ದಾರಿ ಇತ್ತು. ಕೊನೆಗೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಮೂವರು ಜಡ್ಜ್‌ಗಳ ಬೆಂಚ್ ಬಗೆಹರಿಸ್ತು: ಮಗಳ ಹಕ್ಕು ಹುಟ್ಟಿನಿಂದಲೇ ಬರತ್ತೆ, ತಿದ್ದುಪಡಿಯ ದಿನಕ್ಕೆ ಅಪ್ಪ ಬದುಕಿರಬೇಕು ಅಂತೇನಿಲ್ಲ. ಫೂಲಾವತಿ ಬಿದ್ದುಹೋಯ್ತು, ದಾನಮ್ಮಾನೂ ಇದಕ್ಕೆ ವಿರುದ್ಧ ಇರೋ ಮಟ್ಟಿಗೆ ಬಿದ್ದುಹೋಯ್ತು. ಹಾಗಂತ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪಟ್ಟಿ ಇದ್ರೆ ಅಥವಾ ಕೋರ್ಟ್ ಡಿಕ್ರೀಯಿಂದ ವಿಭಾಗ ಆಗಿಹೋಗಿದ್ರೆ ಅದನ್ನ ಈಗ ಅಲ್ಲಾಡಿಸೋಕಾಗಲ್ಲ, ಬಾಯಿಮಾತಿನ ಪಾಲು ಆಗಿದೆ ಅಂದ್ರೆ ಮಾತ್ರ ಕೋರ್ಟ್ ಸುಲಭಕ್ಕೆ ನಂಬಲ್ಲ. ಈ ಷರತ್ತುಗಳನ್ನ ಓದದೇ "ಹೆಣ್ಣುಮಕ್ಕಳಿಗೆ ಸಮಪಾಲು" ಅನ್ನೋ ಹೆಡ್‌ಲೈನ್ ಒಂದನ್ನೇ ಹಿಡ್ಕೊಂಡು ದಾವೆ ಹಾಕಿಸೋದು ಕಕ್ಷಿದಾರರಿಗೆ ಮಾಡೋ ಅನ್ಯಾಯ.

ಈ ಮೂರೂ ತೀರ್ಪು ಇ-ಎಸ್‌ಸಿಆರ್‌ನಲ್ಲಿ ತೆಗೆದು ಪಕ್ಕ ಪಕ್ಕ ಇಟ್ಕೊಂಡು ಓದಬಹುದು, ಇದೇ ನನಗೆ ದೊಡ್ಡ ವಿಷಯ. ಊರಿನ ಬಾರ್ ಲೈಬ್ರರಿಯಲ್ಲಿ ಒಂದು ವರ್ಷದ ವಾಲ್ಯೂಮ್ ಇದ್ರೆ ಇನ್ನೊಂದು ವರ್ಷದ್ದು ಇರಲ್ಲ, ಇದ್ರೂ ಯಾರೋ ಮನೆಗೆ ತಗೊಂಡು ಹೋಗಿರ್ತಾರೆ. ದೊಡ್ಡೂರಿನ ದೊಡ್ಡ ಆಫೀಸಿನ ವಕೀಲರ ಹತ್ರ ಇರೋ ತೀರ್ಪೇ ಈಗ ತಾಲ್ಲೂಕಿನ ಜೂನಿಯರ್ ಮೊಬೈಲಲ್ಲೂ ಇದೆ, ಎದುರು ಪಾರ್ಟಿ ಸೈಟೇಶನ್ ಹಾಕಿದ ಹತ್ತು ನಿಮಿಷದಲ್ಲಿ ಒರಿಜಿನಲ್ ತೆಗೆದು "ಸ್ವಾಮಿ, ಆ ಪ್ಯಾರಾ ಆ ಕೇಸಿನ ಸಂಗತಿಗೆ ಮಾತ್ರ ಹೇಳಿದ್ದು" ಅಂತ ಡಿಸ್ಟಿಂಗ್ವಿಶ್ ಮಾಡಬಹುದು, ಅಂದ್ರೆ ಅದು ನಮ್ಮ ಕೇಸಿಗೆ ಹತ್ತಲ್ಲ ಅಂತ ತೋರಿಸಬಹುದು.

ಸರ್ಚ್ ಬಗ್ಗೆ ಹೇಳಬೇಕಂದ್ರೆ, ಪದ ಹಾಕಿ ಹುಡುಕೋದು ಇದೆ, ಬಂದ ರಿಸಲ್ಟ್ ಒಳಗೇ ಮತ್ತೆ ಹುಡುಕೋದು ಇದೆ, ಕೇಸ್ ನಂಬರ್, ಜಡ್ಜ್ ಹೆಸರು, ವರ್ಷ ವಾಲ್ಯೂಮ್ ಎಲ್ಲಾ ಇದೆ. ನನಗೆ ತುಂಬಾ ಇಷ್ಟ ಆಗಿರೋದು ಎಷ್ಟು ಜಡ್ಜ್‌ಗಳ ಬೆಂಚ್ ಅನ್ನೋದರ ಮೇಲೆ ಹುಡುಕೋ ಸೌಲಭ್ಯ. ಹೊಸಬರಿಗೆ ಇದರ ಬೆಲೆ ಗೊತ್ತಾಗಲ್ಲ. ಎರಡು ತೀರ್ಪಿನ ರೇಶಿಯೋ ಒಂದಕ್ಕೊಂದು ಹೊಡೆದಾಡಿದ್ರೆ ಮೊದಲು ನೋಡೋದೇ ಬೆಂಚ್ ಎಷ್ಟು ದೊಡ್ಡದು ಅಂತ, ದೊಡ್ಡ ಬೆಂಚಿನ ಮಾತನ್ನ ಚಿಕ್ಕ ಬೆಂಚ್ ಮೀರೋ ಹಾಗಿಲ್ಲ, ಅದಕ್ಕೇ ಫೂಲಾವತಿ ದಾನಮ್ಮ ಜಗಳ ಮೂವರ ಬೆಂಚಿಗೆ ಹೋಗಬೇಕಾಯ್ತು. ನಿಮ್ಮ ವಿಷಯದ ಪದ ಹಾಕಿ, ಐದು ಅಥವಾ ಅದಕ್ಕಿಂತ ದೊಡ್ಡ ಬೆಂಚ್ ಏನಾದ್ರೂ ಹೇಳಿದ್ಯಾ ಅಂತ ಮೊದಲು ನೋಡ್ಕೊಂಡುಬಿಡಿ, ಆಮೇಲೆ ಕೆಳಗೆ ಬನ್ನಿ. ಸಾಮಾನ್ಯ ಪದ ಹಾಕಿದ್ರೆ ರಾಶಿ ರಾಶಿ ರಿಸಲ್ಟ್ ಬರತ್ತೆ, ಅದಕ್ಕೆ ಸೆಕ್ಷನ್ ನಂಬರ್ ಜೊತೆಗೆ ಒಂದು ನಿರ್ದಿಷ್ಟ ಪದ ಸೇರಿಸಿ ಹಾಕಬೇಕು.

ಹೆಡ್‌ನೋಟ್, ಅಂದ್ರೆ ತೀರ್ಪಿನ ಮೊದಲಲ್ಲಿ ಹಾಕೋ ಸಾರಾಂಶ, ಅದರ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಇತ್ತೀಚಿನ ವರದಿಗಳಲ್ಲಿ ಮೊದಲ ಪುಟದಲ್ಲೇ ಪರಿಗಣಿಸಿದ ಪ್ರಶ್ನೆ ಏನು, ಹೆಡ್‌ನೋಟ್ ಏನು, ಯಾವ ಯಾವ ಹಳೇ ತೀರ್ಪು ಯಾವ ಕಾಯ್ದೆ ಬಂದಿದೆ ಅಂತ ಚೆನ್ನಾಗಿ ಜೋಡಿಸಿರ್ತಾರೆ, ಓದೋಕೆ ತುಂಬಾ ಅನುಕೂಲ. ಆದ್ರೆ ಹೆಡ್‌ನೋಟ್ ಬರೆಯೋರು ಸಂಪಾದಕರು, ಜಡ್ಜ್ ಅಲ್ಲ, ಅದು ತೀರ್ಪಿನ ಭಾಗ ಅಲ್ಲ. ಒಳಗೆ ಹೋಗೋಕೆ ಬಾಗಿಲು ಅಷ್ಟೇ. ಹೆಡ್‌ನೋಟ್ ಓದಿ ಪ್ಯಾರಾ ನಂಬರ್ ಹಿಡ್ಕೊಂಡು ಒಳಗೆ ಹೋಗಿ, ಆ ಪ್ಯಾರಾದ ಹಿಂದಿನದ್ದು ಮುಂದಿನದ್ದು ಓದಿ, ಅಲ್ಲಿ ಬರೆದಿರೋದು ಕೋರ್ಟಿನ ಸ್ವಂತ ತೀರ್ಮಾನವಾ ಅಥವಾ ವಕೀಲರ ವಾದವನ್ನ ದಾಖಲಿಸಿದ್ದಾ ಅಂತ ನೋಡಿ. ಎಷ್ಟೋ ಜನ ವಕೀಲರ ವಾದದ ಸಾಲನ್ನೇ ಕೋರ್ಟ್ ಹೇಳಿದ್ದು ಅಂತ ತಿಳ್ಕೊಂಡು ಓದಿಬಿಡ್ತಾರೆ.

ಇದೇ ಕಾರಣಕ್ಕೆ ದುಡ್ಡು ತಗೊಳ್ಳೋ ಒಂದು ಆ್ಯಪ್ ನನಗೆ ಸರಿ ಬರ್ಲಿಲ್ಲ, ಹೆಸರು ಬೇಡ. ತೀರ್ಪು ಹಾಕಿದ್ರೆ ಎಐ ಮೂಲಕ ತಾನೇ ರೇಶಿಯೋ ತೆಗೆದುಕೊಡ್ತೀನಿ ಅನ್ನತ್ತೆ. ಬಾಡಿಗೆ ಕೇಸಿನ ತೀರ್ಪೊಂದನ್ನ ಹಾಕಿದೆ, ಚೆಂದವಾಗಿ ನಾಲ್ಕು ಪಾಯಿಂಟ್ ಕೊಡ್ತು, ಒರಿಜಿನಲ್ ಜೊತೆ ಹೋಲಿಸಿ ನೋಡಿದ್ರೆ ಮೂರನೇ ಪಾಯಿಂಟ್ ಕೋರ್ಟ್ "ಈ ಪ್ರಶ್ನೆಯನ್ನ ನಾವು ತೀರ್ಮಾನಿಸ್ತಿಲ್ಲ, ಮುಕ್ತವಾಗಿ ಬಿಡ್ತೀವಿ" ಅಂತ ಬಿಟ್ಟಿದ್ದ ವಿಷಯ! ಅದನ್ನೇ ತೀರ್ಮಾನ ಅಂತ ಬರೆದುಕೊಟ್ಟಿತ್ತು. ಕಕ್ಷಿದಾರರ ಮನೆ ಖಾಲಿ ಆಗೋದು ಬಿಡೋದು ಇಂಥ ಒಂದು ಸಾಲಿನ ಮೇಲೆ ನಿಂತಿರತ್ತೆ, ಅದನ್ನ ಯಂತ್ರಕ್ಕೆ ಒಪ್ಪಿಸಿ ಕೂತ್ಕೊಳ್ಳೋದು ಹೇಗೆ ಹೇಳಿ.

ಆಬಿಟರ್ ಎಷ್ಟು ದೂರ ಓಡತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡಲೇಬೇಕು, ನನಗೆ ತುಂಬಾ ಮನಸ್ಸಿಗೆ ಹತ್ತಿರವಾದದ್ದು, ಇದನ್ನೂ ಇದೇ ಸರ್ವಿಸಲ್ಲಿ ಶುರುವಿಂದ ಓದಬಹುದು. 1954ರ ಎಂ.ಪಿ. ಶರ್ಮಾ ಕೇಸು, 8 ಜಡ್ಜ್‌ಗಳು. ಕಂಪನಿಯೊಂದರ ತನಿಖೆಯಲ್ಲಿ ಮನೆ ಆಫೀಸು ಶೋಧ ಮಾಡಿ ದಾಖಲೆ ತಗೊಂಡು ಹೋಗಿದ್ರು, ಇದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೋಕೆ ಬಲವಂತ ಮಾಡಬಾರದು ಅನ್ನೋ 20(3)ನೇ ವಿಧಿಯನ್ನ ಮುರಿಯತ್ತಾ ಅನ್ನೋದು ಪ್ರಶ್ನೆ. ಮುಖ್ಯವಾಗಿ ಅದೇ. ಅದಕ್ಕೆ ಉತ್ತರ ಕೊಡ್ತಾ ಅಮೆರಿಕದ ನಾಲ್ಕನೇ ತಿದ್ದುಪಡಿಯಂಥ ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲ ಅನ್ನೋ ಅರ್ಥದ ಮಾತೊಂದು ಬಂತು. 1962ರಲ್ಲಿ ಖರಕ್ ಸಿಂಗ್ ಕೇಸು, 6 ಜಡ್ಜ್‌ಗಳು, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿಯೋ ನಿಯಮವನ್ನ ರದ್ದು ಮಾಡಿದ್ರು, ಆದ್ರೆ ಅಲ್ಲೂ ಖಾಸಗಿತನ ಖಾತರಿಪಡಿಸಿದ ಹಕ್ಕಲ್ಲ ಅಂದ್ರು. ಆಮೇಲೆ ಎಷ್ಟೋ ಚಿಕ್ಕ ಬೆಂಚುಗಳು ಖಾಸಗಿತನದ ಹಕ್ಕು ಇದೆ ಅಂತ ಹೇಳ್ತಾ ಬಂದ್ರೂ ಈ ಎರಡು ದೊಡ್ಡ ಬೆಂಚಿನ ಮಾತು ತಲೆ ಮೇಲೆ ಹಾಗೇ ನೇತಾಡ್ತಿತ್ತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಎಂಬತ್ತು ದಾಟಿದ ವಯಸ್ಸಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ್ರು, ಆ ಕೇಸಲ್ಲಿ 2015ರಲ್ಲಿ ಸರ್ಕಾರ ಎತ್ತಿದ್ದು ಇದೇ ವಾದ, ಆ ತೀರ್ಪುಗಳ ಪ್ರಕಾರ ಅಂಥ ಮೂಲಭೂತ ಹಕ್ಕೇ ಇಲ್ಲ ಅಂತ. 8 ಜಡ್ಜ್‌ಗಳ ಮಾತನ್ನ ಮುಟ್ಟಬೇಕಂದ್ರೆ 9 ಜಡ್ಜ್ ಬೇಕು, ಹಾಗಾಗಿ 9 ಜನ ಕೂತ್ರು, 2017ರ ಆಗಸ್ಟ್ 24ಕ್ಕೆ ಒಮ್ಮತದ ತೀರ್ಪು ಬಂತು, ಎಂ.ಪಿ. ಶರ್ಮಾದ ಆ ಭಾಗ ಹೋಯ್ತು, ಖರಕ್ ಸಿಂಗ್‌ನದ್ದೂ ಹೋಯ್ತು. ಆ ಕೇಸಿನ ಫಲಿತಾಂಶಕ್ಕೆ ಬೇಕಾಗಿಲ್ಲದ ಮಾತೊಂದು ಅರವತ್ತಕ್ಕೂ ಹೆಚ್ಚು ವರ್ಷ ಒಂದು ಹಕ್ಕಿನ ದಾರಿಗೆ ಅಡ್ಡ ನಿಂತಿತ್ತು. ಲಾ ಓದ್ತಿರೋರು ಎಂ.ಪಿ. ಶರ್ಮಾ ತೀರ್ಪನ್ನ ಒಮ್ಮೆ ತೆಗೆದು ಓದಿ, ಉದ್ದ ಇಲ್ಲ, ಆ ಮಾತು ಎಲ್ಲಿ ಬರತ್ತೆ ಎಷ್ಟು ಚಿಕ್ಕದಾಗಿ ಬರತ್ತೆ ಅಂತ ಕಣ್ಣಾರೆ ನೋಡಿ. ಪುಸ್ತಕದಲ್ಲಿ ಹತ್ತು ಪುಟ ಓದಿದ್ರೂ ಸಿಗದ ತಿಳುವಳಿಕೆ ಅಲ್ಲಿ ಸಿಗತ್ತೆ.

ಪುಟ್ಟಸ್ವಾಮಿ ತೀರ್ಪು ತೆಗೆದ್ರೆ ಇನ್ನೊಂದು ಕಷ್ಟ, 547 ಪುಟ, ಆರು ಬೇರೆ ಬೇರೆ ಅಭಿಪ್ರಾಯ. ಅಲ್ಲಿ ಯಾವುದೋ ಒಂದು ಅಭಿಪ್ರಾಯದ ಚೆಂದದ ಸಾಲು ಎತ್ತಿಕೊಂಡು ಇದು ರೇಶಿಯೋ ಅನ್ನೋಕಾಗಲ್ಲ, ಕೊನೇಲಿರೋ ಎಲ್ಲರೂ ಸಹಿ ಮಾಡಿದ ಆದೇಶ ನೋಡಬೇಕು, ಆಮೇಲೆ ಬಹುಮತ ಯಾವ ತತ್ವದ ಮೇಲೆ ಸೇರತ್ತೆ ಅಂತ ಹುಡುಕಬೇಕು. ಕೇಶವಾನಂದ ಭಾರತಿ ಕೇಸಂತೂ, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಗಳದ್ದು, 13 ಜಡ್ಜ್, 11 ಅಭಿಪ್ರಾಯ, 7ಕ್ಕೆ 6ರ ಬಹುಮತ. 1973ರ ಏಪ್ರಿಲ್ 24ಕ್ಕೆ ಬಂದ ಆ ತೀರ್ಪಿನ ರೇಶಿಯೋ ಏನು ಅಂತ ಬಹುಮತದ ಸಾರಾಂಶಕ್ಕೆ 9 ಜನ ಸಹಿ ಹಾಕಿದ್ರೂ ಚರ್ಚೆ ನಿಲ್ಲಲಿಲ್ಲ. ಇಂಥದ್ದನ್ನ ಮೊಬೈಲ್ ಸ್ಕ್ರೀನಲ್ಲಿ ಓದೋಕೆ ಹೋಗಬೇಡಿ, ಕಂಪ್ಯೂಟರಲ್ಲಿ ಓದಿ, ಬೇಕಾದ ಭಾಗ ಪ್ರಿಂಟ್ ತೆಗೆದು ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ. ಸಂಗತಿಗೆ ಒಂದು ಗುರುತು, ವಾದಕ್ಕೆ ಒಂದು, ಕೋರ್ಟಿನ ಕಾರಣಕ್ಕೆ ಒಂದು, ಆದೇಶಕ್ಕೆ ಒಂದು. ನಮ್ಮ ಸೀನಿಯರ್ ಕಲಿಸಿದ್ದು ಇದನ್ನೇ, ಇವತ್ತಿಗೂ ಇದಕ್ಕಿಂತ ಒಳ್ಳೇ ವಿಧಾನ ನಾನು ಕಂಡಿಲ್ಲ.

ಸೈಟೇಶನ್ ನಿಜವಾ ಅಂತ ಪರಿಶೀಲಿಸೋಕೂ ಇದನ್ನೇ ಬಳಸಿ, ಇದು ಈಗ ತುಂಬಾ ತುರ್ತಿನ ವಿಷಯ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಉಲ್ಲೇಖ ಆಗಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲ ಅನ್ನೋದು 2025ರ ಮಾರ್ಚಲ್ಲಿ ನಮ್ಮ ಹೈಕೋರ್ಟ್ ಮುಂದೆ ಬಂತು, ಅದನ್ನ ಹೈಕೋರ್ಟ್ ಗಂಭೀರವಾಗಿ ತಗೊಂಡು ಮುಂದಿನ ಕ್ರಮಕ್ಕೆ ಹೇಳಿತು. ಅಮೆರಿಕದಲ್ಲಿ 2023ರಲ್ಲೇ ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ಕೇಸುಗಳನ್ನ ಕೋರ್ಟಿಗೆ ಹಾಕಿದ ವಕೀಲರಿಗೆ 5 ಸಾವಿರ ಡಾಲರ್ ದಂಡ ಬಿದ್ದಿತ್ತು. ಇಲ್ಲದ ತೀರ್ಪಿಗೆ ರೇಶಿಯೋ ಎಲ್ಲಿಂದ ಬರಬೇಕು? 2023ರಿಂದ ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ನ್ಯೂಟ್ರಲ್ ಸೈಟೇಶನ್, ಅಂದ್ರೆ ಕೋರ್ಟೇ ಕೊಡೋ ಗುರುತಿನ ನಂಬರ್, ಕೊಡ್ತಿದಾರೆ, ವರ್ಷ, ಆಮೇಲೆ ಐಎನ್‌ಎಸ್‌ಸಿ, ಆಮೇಲೆ ಒಂದು ನಂಬರ್, ಹಳೇ ತೀರ್ಪುಗಳಿಗೂ ಕೊಟ್ಟಿದಾರೆ. ಅದನ್ನ ಹಾಕಿ ತೀರ್ಪು ತೆರೆದುಕೊಳ್ಳತ್ತಾ, ಪಾರ್ಟಿಗಳ ಹೆಸರು ಸರಿ ಇದ್ಯಾ, ನೀವು ಹೇಳೋ ಪ್ಯಾರಾ ಅಲ್ಲಿ ನಿಜವಾಗಿ ಇದ್ಯಾ ಅಂತ ನೋಡಿ ಆಮೇಲೇ ಮೆಮೊ ಜೊತೆ ಫೈಲ್ ಮಾಡಿ. ತೀರ್ಪು ಸಿಕ್ಕಿದ ಮೇಲೆ ಅದೇ ಕೇಸಿನ ಹೆಸರನ್ನ ಮತ್ತೊಮ್ಮೆ ಪದದ ಸರ್ಚಲ್ಲಿ ಹಾಕಿ ನಂತರದ ತೀರ್ಪುಗಳು ಅದರ ಬಗ್ಗೆ ಏನು ಹೇಳಿವೆ ನೋಡೋದು ಮರೀಬೇಡಿ. ಫೂಲಾವತಿ ಒಂದನ್ನೇ ಓದಿ ನಿಲ್ಲಿಸಿದೋರಿಗೆ ವಿನೀತಾ ಶರ್ಮಾ ಸಿಗೋದು ಹೀಗೇ.

ಮಿತಿಗಳೂ ಇವೆ. ಇಲ್ಲಿ ಇರೋದು ವರದಿ ಆದ ತೀರ್ಪುಗಳು, ದಿನಾ ಬರೋ ಚಿಕ್ಕಪುಟ್ಟ ಆದೇಶ ಬೇಕಂದ್ರೆ ಸುಪ್ರೀಂ ಕೋರ್ಟಿನ ವೆಬ್‌ಸೈಟಲ್ಲಿ ಕೇಸ್ ನಂಬರ್ ಹಾಕಿ ಹುಡುಕಬೇಕು. ನಮ್ಮ ಹೈಕೋರ್ಟ್ ತೀರ್ಪಿಗೆ ಹೈಕೋರ್ಟ್ ವೆಬ್‌ಸೈಟಿಗೇ ಹೋಗಬೇಕು, ಅಲ್ಲೂ ಫ್ರೀನೇ, ಧಾರವಾಡ ಕಲಬುರಗಿ ಪೀಠಗಳ ತೀರ್ಪಿಗೆ ನ್ಯೂಟ್ರಲ್ ಸೈಟೇಶನ್ನಲ್ಲಿ ಬೇರೆ ಗುರುತು ಇರತ್ತೆ. ಇಷ್ಟಾದ್ರೂ ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಉಳಿದ ಅರ್ಧ ಕನ್ನಡದಲ್ಲಿ ಇನ್ನೂ ಹೆಚ್ಚು ತೀರ್ಪು ಬಂದ ದಿನ ಕೊಡ್ತೀನಿ.

ಕನ್ನಡದ ಅನುವಾದಗಳ ಬಗ್ಗೆಯೂ ಹೇಳಿಬಿಡ್ತೀನಿ. 2023ರ ಗಣರಾಜ್ಯೋತ್ಸವಕ್ಕೆ ಪ್ರಾದೇಶಿಕ ಭಾಷೆಗಳಲ್ಲಿ ಸಾವಿರಕ್ಕೂ ಹೆಚ್ಚು ತೀರ್ಪು ಬಿಡುಗಡೆ ಮಾಡಿದ್ರು, ಹೆಚ್ಚಿನವು ಹಿಂದಿ, ಕನ್ನಡದವೂ ಇದ್ವು, ಆಮೇಲೆ ಸಂಖ್ಯೆ ಏರಿದೆ. ಅನುವಾದಕ್ಕೆ ಸುವಾಸ್ ಅನ್ನೋ ಸಾಫ್ಟ್‌ವೇರ್ ಬಳಸ್ತಾರೆ, ಅದು 2019ರಿಂದ ಇದೆ. ಪ್ರತಿ ಅನುವಾದದಲ್ಲೂ ಇದು ಕಕ್ಷಿದಾರರು ಅರ್ಥ ಮಾಡ್ಕೊಳ್ಳೋಕೆ ಮಾತ್ರ, ಅಧಿಕೃತ ಬಳಕೆಗೆ ಇಂಗ್ಲಿಷ್ ತೀರ್ಪೇ ಅಂತ ಒಕ್ಕಣೆ ಇರತ್ತೆ, ಹಾಗಾಗಿ ಕೋರ್ಟಲ್ಲಿ ಅದನ್ನ ಸೈಟ್ ಮಾಡೋಕೆ ಹೋಗಬೇಡಿ. ಆದ್ರೆ ಕಕ್ಷಿದಾರರಿಗೆ ಖಂಡಿತ ಕೊಡಿ. ಪಾಲು ಕೇಳಿಕೊಂಡು ಬಂದ ಆ ಅಕ್ಕನಿಗೆ "ಸುಪ್ರೀಂ ಕೋರ್ಟ್ ಹಿಂಗೆ ಹೇಳಿದೆ" ಅಂತ ನಾವು ಬಾಯಲ್ಲಿ ಹೇಳೋದು ಒಂದು, ಅವರ ವಿಷಯಕ್ಕೆ ಹತ್ತಿರದ ತೀರ್ಪು ಕನ್ನಡದಲ್ಲಿ ಇದ್ರೆ ಆ ನಾಲ್ಕು ಪುಟ ಕೈಗೆ ಕೊಟ್ಟು, ಯಾವ ಪ್ಯಾರಾ ನಿಮ್ಮ ಕೇಸಿಗೆ ಹತ್ತತ್ತೆ ಯಾವುದು ಹತ್ತಲ್ಲ ಅಂತ ಗುರುತು ಹಾಕಿ ತೋರಿಸೋದು ಇನ್ನೊಂದು. ಮನೆಗೆ ತಗೊಂಡು ಹೋಗಿ ಮಗನ ಹತ್ರಾನೋ ಮಗಳ ಹತ್ರಾನೋ ಓದಿಸ್ಕೊಂಡು ಬಂದು ಮುಂದಿನ ಡೇಟಿಗೆ ಅವರು ಕೇಳೋ ಪ್ರಶ್ನೆಗಳು ಎಷ್ಟು ಚುರುಕಾಗಿರತ್ತೆ ಅಂತ ನೀವೇ ನೋಡ್ತೀರ. ಅನುವಾದದಲ್ಲಿ ಎಲ್ಲಾದ್ರೂ ಗೊಂದಲ ಅನ್ನಿಸಿದ್ರೆ ಅದೇ ಪ್ಯಾರಾ ನಂಬರನ್ನ ಇಂಗ್ಲಿಷ್ ಪಿಡಿಎಫಲ್ಲಿ ತೆಗೆದು ಹೋಲಿಸಿ, ಬೇಕಾದ್ರೆ ಆ ಭಾಗವನ್ನ ನಿಮ್ಮ ಮಾತಲ್ಲೇ ಕನ್ನಡದಲ್ಲಿ ಬರೆದು ಜೊತೆಗೆ ಪಿನ್ ಮಾಡಿ ಕೊಡಿ.